ಮುಚ್ಚಿಡು ಅಂದಿದ್ದೆ, ಆ ಮಾತು ವಾಪಸ್

ಚಿ. ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಆಗಸ್ಟ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಹೊರಟಿದ್ದೀಯಂತೆ. "ಇಬ್ಬರೂ ಹೋಗ್ತಿದ್ದಾರೆ ಅಕ್ಕಾ" ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಅವಳ ಬಾಯಲ್ಲಿ ಆ "ಇಬ್ಬರೂ" ಕೇಳಿ ನನಗೆ ಎಷ್ಟು ಸಮಾಧಾನವಾಯಿತೋ ಅಷ್ಟೇ ಸಂಕಟವೂ ಆಯಿತು. ಅದಕ್ಕೇ ಈ ಕಾಗದ.

ನಾಲ್ಕು ವರ್ಷದ ಹಿಂದೆ ನಮ್ಮ ಮನೆಯ ಮಹಡಿಯ ಮೇಲೆ ಸಂಡಿಗೆ ಕಾಯುತ್ತಾ ಕೂತಿದ್ದಾಗ ನಿನ್ನ ಒಲವು ಗಂಡಸರ ಮೇಲೆ ಅಂತ ನೀನು ನನಗೆ ಮೊದಲು ಹೇಳಿದೆ. ನಾನು ಏನಂದೆ? "ಆಯ್ತು ಮಗಾ, ಆದರೆ ಮುಚ್ಚಿಟ್ಟುಕೊಂಡು ಬಾಳು. ಯಾರಿಗೂ ನೋವಾಗಲ್ಲ." ನೀನು ಎದ್ದು ಹೋಗಿ ಕಾಗೆ ಓಡಿಸಿದೆ. ಆಮೇಲೆ ನನ್ನ ಹತ್ತಿರ ಆ ವಿಷಯ ಎತ್ತಲೇ ಇಲ್ಲ.

ಹೋದ ವರ್ಷ ಮಗಳ ಮನೆ ಅಂತ ಮೂರು ತಿಂಗಳು ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಆಮ್‌ಸ್ಟಲ್‌ವೇನ್‌ನಲ್ಲಿ ಇದ್ದೆನಲ್ಲ. ಅವಳು ಆಫೀಸಿಗೆ ಹೋದಮೇಲೆ ಟ್ರಾಮ್ ಹತ್ತಿ ಊರೊಳಗೆ ಹೋಗುತ್ತಿದ್ದೆ. ಒಂದು ದಿನ ವೆಸ್ಟರ್‌ಕೆರ್ಕ್ ಎಂಬ ದೊಡ್ಡ ಚರ್ಚಿನ ಪಕ್ಕ, ಕಾಲುವೆ ಕಡೆಗೆ ಮೆಟ್ಟಿಲು ಕಂಡು ಕಾಲು ನೋವಿಗೆ ಕೂತುಕೊಂಡೆ. ನಸುಗೆಂಪು ಗ್ರಾನೈಟ್ ಕಲ್ಲು, ನೀರಿನ ಮೇಲಕ್ಕೆ ಚಾಚಿದ ತ್ರಿಕೋನ. ಅದರ ತುದಿಯಲ್ಲಿ ಯಾರೋ ಹೂಗೊಂಚಲು ಇಟ್ಟಿದ್ದರು. ಯಾರ ಸಮಾಧಿಯ ಮೇಲೆ ಕೂತೆನೋ ಅಂತ ಗಾಬರಿಯಾಗಿ ಎದ್ದೆ. ಸಂಜೆ ಮಗಳು ಹೇಳಿದಳು, ಅದು ಹೋಮೋಮಾನ್ಯುಮೆಂಟ್. ಕಾರಿನ್ ಡಾನ್ ಎಂಬಾಕೆ ರೂಪಿಸಿದ್ದು, 1987ರ ಸೆಪ್ಟೆಂಬರ್‌ನಲ್ಲಿ ಅನಾವರಣವಾದದ್ದು. ನಾಜಿಗಳು ಸಲಿಂಗಿ ಗಂಡಸರನ್ನು ಸೆರೆಶಿಬಿರಕ್ಕೆ ತಳ್ಳಿ ಅವರ ಅಂಗಿಗೆ ಗುಲಾಬಿ ತ್ರಿಕೋನ ಹೊಲಿಸುತ್ತಿದ್ದರು. ಅದೇ ಗುರುತನ್ನು ಇವರು ಕಲ್ಲಿನಲ್ಲಿ ಮಾಡಿ ಊರ ನಡುವೆ ಹಾಸಿದ್ದಾರೆ. ಅಂಥವು ಮೂರಿವೆ, ಮೂರೂ ಸೇರಿದರೆ ಒಂದು ದೊಡ್ಡ ತ್ರಿಕೋನ. ನೀರಿನ ಕಡೆಯದು ಡ್ಯಾಮ್ ಚೌಕದ ಯುದ್ಧ ಸ್ಮಾರಕದತ್ತ ಮುಖ ಮಾಡಿದೆ, ಇನ್ನೊಂದು ಆನ್ ಫ್ರಾಂಕ್ ಮನೆಯತ್ತ, ಮತ್ತೊಂದು ಸಲಿಂಗಿಗಳ ಹಕ್ಕಿಗೆ ದುಡಿಯುವ ಸಿಓಸಿ ಸಂಘದ ಕಚೇರಿ ಇದ್ದ ಕಡೆಗೆ. ಆ ಸಂಘ ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಶುರುವಾಯಿತು.

ನಿಮ್ಮವರ ಪ್ರೈಡ್ ಹಬ್ಬದ ದೋಣಿ ಮೆರವಣಿಗೆ ನೋಡಲೇಬೇಕು, ಬೇಡ ಅನ್ನುವುದಿಲ್ಲ. 1996ರಿಂದ ನಡೆಯುತ್ತಿದೆ, ಆಗಸ್ಟ್‌ನ ಮೊದಲ ಶನಿವಾರ, ಪ್ರಿನ್ಸನ್‌ಗ್ರಾಖ್ಟ್ ಕಾಲುವೆಯಲ್ಲಿ. ನಮ್ಮೂರ ತೇರಿನ ಹಾಗೆ ಜನ ಸೇರುತ್ತಾರೆ. ಆದರೆ ಅದಕ್ಕೆ ಮೊದಲು ಒಂದು ದಿನ ಬೆಳಿಗ್ಗೆ, ಗದ್ದಲ ಏಳುವ ಮುಂಚೆ, ಇಬ್ಬರೂ ಆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬನ್ನಿ.

ಅಲ್ಲಿಯ ಕಥೆ ನೇರ ದಾರಿಯದ್ದಲ್ಲ ಪುಟ್ಟು. ಇದೇ ತಪ್ಪಿಗೆ 1730ರ ಹೊತ್ತಿನಲ್ಲಿ ಇದೇ ಊರಲ್ಲಿ ಗಂಡಸರನ್ನು ಕೊಂದಿದ್ದಾರೆ. 1811ರಲ್ಲಿ ಫ್ರೆಂಚರ ಕಾನೂನು ಬಂದು ಅದು ಅಪರಾಧವೇ ಅಲ್ಲ ಎಂದಾಯಿತು. ಮುಗಿಯಿತೇ? ಇಲ್ಲ. ಸರಿಯಾಗಿ ನೂರು ವರ್ಷಕ್ಕೆ, 1911ರಲ್ಲಿ, ಹೊಸ ಕಲಮು ತಂದರು: ಕೂಡಲು ಗಂಡು ಹೆಣ್ಣಿಗೆ 16 ವರ್ಷ ಸಾಕು, ನಿಮ್ಮಂಥವರಿಗೆ 21 ಆಗಿರಬೇಕು. ಅದು ಹೋದದ್ದು 1971ರಲ್ಲಿ. ನಮಗೋ, ಅಲ್ಲಿ 1811ರಲ್ಲಿ ಕೈಬಿಟ್ಟು ಸುಮಾರು ಅರ್ಧ ಶತಮಾನಕ್ಕೆ, 1860ರಲ್ಲಿ, ಇದನ್ನು ಅಪರಾಧ ಅನ್ನುವ 377ನೇ ಕಲಮನ್ನು ಬ್ರಿಟಿಷರು ಅಂಟಿಸಿದರು. ಅದು ಬಿಡಲು 2018ರ ತನಕ ಕಾಯಬೇಕಾಯಿತು. ಕಾನೂನು ಬಂತು ಅಂತ ಮೈಮರೆಯಬೇಡ, ಹೋಯಿತು ಅಂತ ಕೈಚೆಲ್ಲಲೂ ಬೇಡ.

ಝೇಡೈಕ್ ಬೀದಿಯಲ್ಲಿ ಒಂದು ಸಣ್ಣ ಕೆಫೆ ಇದೆ, ಹೆಸರು ಮಾಂಡ್ಯೆ. ನನ್ನ ಕಿವಿಗೆ ನಮ್ಮ ಮಂಡ್ಯ ಅಂತಲೇ ಕೇಳಿಸಿತು! ಪುಟ್ಟ ಬುಟ್ಟಿ ಅಂತ ಅರ್ಥವಂತೆ. 1927ರಲ್ಲಿ ಬೆಟ್ ಫಾನ್ ಬೇರನ್ ಎಂಬ ಹೆಂಗಸು ತೆರೆದದ್ದು. ಅವಳು ಪ್ರೀತಿಸುತ್ತಿದ್ದದ್ದು ಹೆಂಗಸರನ್ನು, ಅದನ್ನು ಬಚ್ಚಿಟ್ಟವಳಲ್ಲ. ಗಿರಾಕಿಗಳ ಟೈ ಕತ್ತರಿಸಿ ಸೂರಿಗೆ ನೇತುಹಾಕುತ್ತಿದ್ದಳು. ಅಷ್ಟು ಗಟ್ಟಿಗಿತ್ತಿಯೂ ಲೈಸೆನ್ಸ್ ಹೋದೀತೆಂದು ಒಳಗೆ ಮುತ್ತಿಡಲು ಬಿಡುತ್ತಿರಲಿಲ್ಲ. 1967ರಲ್ಲಿ ತೀರಿಕೊಂಡಾಗ ಅವಳ ದೇಹವನ್ನು ಕೆಫೆಯ ಬಿಲಿಯರ್ಡ್ಸ್ ಮೇಜಿನ ಮೇಲೆಯೇ ದರ್ಶನಕ್ಕೆ ಇಟ್ಟರು. ನಡುವೆ ಮುಚ್ಚಿದ್ದನ್ನು 2008ರಲ್ಲಿ ಅವಳ ಮನೆತನದ ಹುಡುಗಿಯೇ ಮತ್ತೆ ತೆರೆದಳು. ಹೋಗಿ, ಏನಾದರೂ ಕುಡಿದು ಬನ್ನಿ.

ಆದರೆ ನನ್ನ ನಿದ್ದೆ ಕೆಡಿಸಿದ್ದು ವಿಲ್ಲೆಮ್ ಅರೊಂಡೇಯಸ್. ಚಿತ್ರಕಾರ, ಲೇಖಕ, ಸಲಿಂಗಿ. ನಾಜಿಗಳು ಆ ದೇಶವನ್ನು ಹಿಡಿದಿದ್ದಾಗ ಯಹೂದಿಗಳಿಗೆ ಸುಳ್ಳು ಗುರುತಿನ ಚೀಟಿ ಮಾಡಿಕೊಡುತ್ತಿದ್ದ ಗುಂಪಿನವನು. ನೋಂದಣಿ ಕಚೇರಿಯ ಕಾರ್ಡುಗಳೊಂದಿಗೆ ತಾಳೆ ನೋಡಿದರೆ ಸುಳ್ಳು ಬಯಲಾಗುತ್ತಿತ್ತು. ಅದಕ್ಕೆ 1943ರ ಮಾರ್ಚ್ 27ರ ರಾತ್ರಿ ಇವರು ಪೊಲೀಸರ ವೇಷ ಹಾಕಿ ಒಳನುಗ್ಗಿ, ಕಾವಲಿನವರಿಗೆ ಮತ್ತು ಬರುವ ಮದ್ದು ಚುಚ್ಚಿ, ಕಾರ್ಡುಗಳಿಗೆ ಸ್ಫೋಟಕ ಇಟ್ಟರು. ಆ ಪೊಲೀಸ್ ಬಟ್ಟೆ ಹೊಲಿದ ಶೂರ್ಡ್ ಬಾಕರ್ ಕೂಡ ಸಲಿಂಗಿಯೇ. ಜೊತೆ ನಿಂತ ಫ್ರೀಡಾ ಬೆಲಿನ್‌ಫಾಂಟೆ ಚೆಲೋ ನುಡಿಸುತ್ತಿದ್ದವಳು. ಆಮೇಲೆ ಗಂಡುವೇಷದಲ್ಲಿ ತಲೆಮರೆಸಿಕೊಂಡು ಸ್ವಿಟ್ಜರ್ಲೆಂಡಿಗೆ ದಾಟಿದಳು. ಅರೊಂಡೇಯಸ್ ಸಿಕ್ಕಿಬಿದ್ದ. ಜುಲೈ 1ರಂದು ಗುಂಡಿಟ್ಟು ಕೊಂದರು. ಸಾಯುವ ಮುಂಚೆ ವಕೀಲೆಯ ಹತ್ತಿರ ಕೇಳಿಕೊಂಡದ್ದು ಒಂದೇ: ಸಲಿಂಗಿಗಳು ಪುಕ್ಕಲರಲ್ಲ ಅಂತ ಜನಕ್ಕೆ ತಿಳಿಸಿ. ಅಷ್ಟು ಕೇಳಿಕೊಂಡವನ ಆ ಸಂಗತಿಯನ್ನೇ ಯುದ್ಧ ಮುಗಿದ ಮೇಲೆ ಬಹಳ ವರ್ಷ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುಚ್ಚಿಟ್ಟರು. ಯಾರಿಗೂ ನೋವಾಗಬಾರದು ಅಂತಲೇ ಇದ್ದೀತು.

ಆ ರಾತ್ರಿ ನನಗೆ ನೀನು ಕಾಗೆ ಓಡಿಸಲು ಎದ್ದು ಹೋದದ್ದೇ ಕಣ್ಣ ಮುಂದೆ. ತಪ್ಪು ಮಾತಾಡಿದೆ ಮಗಾ. ಆ ಬುದ್ಧಿಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಈಗ ಬೇರೆ ಬುದ್ಧಿ ಹೇಳುತ್ತೇನೆ. 2001ರ ಏಪ್ರಿಲ್ 1ಕ್ಕೆ, ಮಧ್ಯರಾತ್ರಿ ದಾಟುತ್ತಿದ್ದಂತೆ, ಮೇಯರ್ ಯೋಬ್ ಕೋಹೆನ್ ಅಲ್ಲಿಯ ನಗರಸಭೆಯಲ್ಲಿ ನಾಲ್ಕು ಜೋಡಿಗಳಿಗೆ ಮದುವೆ ಮಾಡಿಸಿದರು. ಜಗತ್ತಿನಲ್ಲೇ ಮೊದಲು. ಅದನ್ನು ಕೇಳಿ ನಿಮಗೂ ಆಸೆಯಾದೀತು. ಆದರೆ ಇಬ್ಬರಲ್ಲಿ ಒಬ್ಬರಾದರೂ ಆ ದೇಶದ ಪ್ರಜೆಯೋ ನಿವಾಸಿಯೋ ಆಗಿರಬೇಕು, ಪ್ರವಾಸಕ್ಕೆ ಹೋದವರಿಗೆ ಆಗುವುದಿಲ್ಲ. ನಮ್ಮ ಸುಪ್ರೀಂ ಕೋರ್ಟೂ 2023ರ ಅಕ್ಟೋಬರ್‌ನಲ್ಲಿ ಅಂಥ ಮದುವೆಗೆ ಮಾನ್ಯತೆ ಕೊಡಲಿಲ್ಲ. ಆದ್ದರಿಂದ ಬ್ಯಾಂಕಿನ ನಾಮಿನಿ, ಇನ್ಶೂರೆನ್ಸ್, ವಿಲ್, ಇವನ್ನೆಲ್ಲ ಇಬ್ಬರೂ ಈಗಲೇ ಬರೆದಿಟ್ಟುಕೊಳ್ಳಿ. ಹೊರಡುವ ಮುಂಚೆಯೇ.

ಆನ್ ಫ್ರಾಂಕ್ ಮನೆಗೆ ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ. ಮಂಗಳವಾರ ಮಂಗಳವಾರ ಬಿಡುತ್ತಾರೆ, ಆರು ವಾರ ಮುಂದಿನದಕ್ಕೆ. ಕಾಫಿಶಾಪ್ ಅಂತ ಬೋರ್ಡ್ ಇದ್ದಲ್ಲಿ ಮಾರುವುದು ಗಾಂಜಾ, ಕಾಫಿಗೆ ಕೆಫೆ ಹುಡುಕು. ಸೈಕಲ್ ದಾರಿಯಲ್ಲಿ ನಿಂತು ಫೋಟೋ ತೆಗೆಯಬೇಡ. ತಡರಾತ್ರಿ ಕುಡಿದವರ ಗುಂಪು ಕಂಡರೆ ಬೇರೆ ಬೀದಿ ಹಿಡಿಯಿರಿ, ಆ ಊರಲ್ಲೂ ಕೈ ಹಿಡಿದು ನಡೆದವರಿಗೆ ಹೊಡೆತ ಬಿದ್ದದ್ದುಂಟು.

ಆ ನೀರಿನ ಮೆಟ್ಟಿಲ ಮೇಲೆ ನನ್ನ ಹೆಸರಲ್ಲಿ ಒಂದು ಹೂವು ಇಡು. ವಾಪಸ್ ಬಂದಮೇಲೆ ಅವನನ್ನೂ ಕರೆದುಕೊಂಡು ನಮ್ಮ ಮನೆಗೆ ಊಟಕ್ಕೆ ಬಾ. ನಿನ್ನ ದೊಡ್ಡಪ್ಪನಿಗೆ ನಾನೇ ಹೇಳಿದೆ. ಪೇಪರಿನಿಂದ ತಲೆ ಎತ್ತಿ, ಯಾವತ್ತು ಬರ್ತಾರೆ ಅಂತ ಕೇಳಿದರು.

ಇತಿ,
ನಿನ್ನ ದೊಡ್ಡಮ್ಮ