ವಾಯುನೌಕೆ ಆಟ: ಬದಲಾವಣೆ ಹಂತ ಹಂತವಾಗಿರಲಿ

ಮಾನ್ಯ ಸಂಪಾದಕರೇ,

2012ರಲ್ಲಿ ಬಿಡುಗಡೆಯಾದ ‘ಗನ್ಸ್ ಆಫ್ ಇಕಾರಸ್ ಆನ್‌ಲೈನ್’ ಎಂಬ ಕಂಪ್ಯೂಟರ್ ಆಟದಲ್ಲಿ ಒಂದೊಂದು ವಾಯುನೌಕೆಯನ್ನೂ ನಾಲ್ವರು ಸೇರಿ ನಡೆಸುತ್ತಾರೆ. ಸತತವಾಗಿ ಗುಂಡು ಹಾರಿಸುವ ಗ್ಯಾಟ್ಲಿಂಗ್ ಗನ್ ಎದುರಾಳಿ ನೌಕೆಯ ರಕ್ಷಾಕವಚವನ್ನು ಸೀಳಿದ ಮರುಕ್ಷಣವೇ, ಅಲ್ಲಿನ ಎಂಜಿನಿಯರ್ ಸ್ಪ್ಯಾನರ್ ಹಿಡಿದು ಅದನ್ನು ಮತ್ತೆ ಕಟ್ಟುವ ಮುನ್ನ, ಗ್ಯಾಟ್ಲಿಂಗ್ ಪಕ್ಕದ ಮಾರ್ಟರ್ (ಸಿಡಿಗುಂಡು ಹಾರಿಸುವ ಗನ್) ಆ ನೌಕೆಯ ಒಡಲಿಗೆ ಬಡಿಯಬೇಕು. ಆಟದ ‘ಪಿರಮಿಡಿಯನ್’ ಎಂಬ ನೌಕೆಯ ಮುಂಭಾಗದ ಎರಡು ಗನ್‌ಗಳ ಬಲವಿರುವುದು ಈ ಹೊಂದಾಣಿಕೆಯಲ್ಲೇ. ಹೀಗಿರುವಾಗ ಆಟ ರೂಪಿಸುವವರು ಗನ್ನಿಗೆ ಮತ್ತೆ ಗುಂಡು ತುಂಬುವ (ರೀಲೋಡ್) ಸಮಯವನ್ನೋ ನೌಕೆ ತಿರುಗುವ ವೇಗವನ್ನೋ ತುಸು ಬದಲಿಸಿದರೂ ನಾಲ್ವರು ತಿಂಗಳುಗಟ್ಟಲೆ ಕೂಡಿ ಮಾಡಿದ ಅಭ್ಯಾಸ ಏರುಪೇರಾಗುತ್ತದೆ. ಆಯುಧ, ನೌಕೆಗಳ ಬಲದಲ್ಲಿ ಸಮತೋಲನ ಬೇಕೇ ಬೇಕು. ಒಂದೇ ಜೋಡಿ ಆಯುಧ ಎಲ್ಲ ಪಂದ್ಯಗಳನ್ನೂ ಗೆಲ್ಲುವಂತಾದರೆ ಉಳಿದ ನೌಕೆಗಳು ಮೂಲೆ ಸೇರುತ್ತವೆ. ಆದರೆ ಇಂಥ ಆಟಗಳನ್ನು ರೂಪಿಸುವವರು ಆಯುಧವನ್ನೂ ನೌಕೆಯನ್ನೂ ಒಟ್ಟಿಗೆ ಬದಲಿಸದೆ, ಒಮ್ಮೆಗೆ ಒಂದನ್ನೇ ತಿದ್ದಿ, ಕಾರಣವನ್ನು ಅಂಕಿಗಳೊಂದಿಗೆ ಮೊದಲೇ ತಿಳಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಆಟಗಾರ, ಮೈಸೂರು