ಸೆಂಟರ್ ಆಡಿದ್ದು ಸಾಕು: ಪುಟ್ಟುವಿಗೆ ದೊಡ್ಡಮ್ಮನ ಪತ್ರ

ಭದ್ರಾವತಿ

ಚಿರಂಜೀವಿ ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿಮ್ಮಪ್ಪ ಮೊನ್ನೆ ಶಿವಮೊಗ್ಗದ ಅಡಿಕೆ ಮಂಡಿಗೆ ಬಂದವರು ಇಲ್ಲಿಗೂ ಬಂದು ಹೋದರು. ಯಾರೋ ಏಜೆಂಟ್ ನಿನ್ನ ಬಾಸ್ಕೆಟ್‌ಬಾಲ್ ಆಟದ ವಿಡಿಯೊ ನೋಡಿ ಅಮೆರಿಕದ ದಾರಿ ಮಾಡಿಕೊಡುತ್ತೇನೆ ಅಂದಿದ್ದಾನಂತೆ. ಅದಕ್ಕೆ ನೀನು ಕೊನೇ ಸೆಮಿಸ್ಟರ್ ಬಿಟ್ಟು ಹೊರಡುವವನಂತೆ. ದುಡ್ಡಿಗೆ ಅವರು ಮುಂದಿನ ಕೊಯ್ಲಿನ ಮೇಲೆ ಮಂಡಿಯಲ್ಲಿ ಮುಂಗಡ ಕೇಳಿದ್ದಾರೆ. ಬೇಡ ಅನ್ನುವುದಕ್ಕೆ ಅವರಿಗೆ ಬಾಯಿಲ್ಲ, ಮಗನ ಮೇಲಿನ ಪ್ರೀತಿ. ನನಗೆ ಬಾಯಿದೆ. ನಾನು ಪ್ರೊಫೆಷನಲ್ ಆಗಬಹುದಾ ದೊಡ್ಡಮ್ಮ ಅಂತ ನೀನೇ ಕೇಳಿದ್ದೀಯಲ್ಲ, ಅದಕ್ಕೆ ಉತ್ತರ ಇದು. ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಅಂದು ಮರೆಯುತ್ತೀ.

ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ಮಾತು ಮೊದಲು ಮುಗಿಸಿಬಿಡೋಣ. ಅಲ್ಲಿರುವುದು 30 ತಂಡ, ಒಂದೊಂದರಲ್ಲಿ 15 ಕಾಯಂ ಜಾಗ, ಅದರ ಮೇಲೆ ಕೆಳಗಿನ ಲೀಗ್‌ಗೂ ಅಲ್ಲಿಗೂ ಓಡಾಡುವವರಿಗೆ ಮೂರು ಟೂ-ವೇ ಕರಾರು. ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳಲು ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್‌ನಲ್ಲಿ ಎರಡು ಸುತ್ತೂ ಸೇರಿ ಹೆಚ್ಚೆಂದರೆ 60 ಹೆಸರು ಕೂಗುತ್ತಾರೆ. ಅಮೆರಿಕದಲ್ಲಿ ಮೊದಲ ದರ್ಜೆಯ ಕಾಲೇಜು ತಂಡಗಳೇ 350ಕ್ಕೂ ಹೆಚ್ಚಿವೆ. ಹೈಸ್ಕೂಲಿನಿಂದಲೇ ಹೆಕ್ಕಿ ತಂದು, ಊಟ, ವ್ಯಾಯಾಮ, ಕೋಚಿಂಗ್ ಎಲ್ಲ ಕೊಟ್ಟು ಬೆಳೆಸಿದ ಆ ಕಾಲೇಜು ಹುಡುಗರಲ್ಲೂ ಡ್ರಾಫ್ಟ್ ಆಗುವವರು ನೂರಕ್ಕೆ ಒಬ್ಬರ ಆಸುಪಾಸು. ನಮ್ಮವರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವನಾಗಿ ಡಲ್ಲಾಸ್ ಮ್ಯಾವರಿಕ್ಸ್‌ಗೆ ಆಯ್ಕೆಯಾದ. ಏಳಡಿ ಎರಡು ಇಂಚಿನ ಹುಡುಗ, ಚಿಕ್ಕ ವಯಸ್ಸಿನಲ್ಲೇ ಫ್ಲೋರಿಡಾದ ಅಕಾಡೆಮಿ ಸೇರಿದವನು. ಅವನೂ ಕೆಳಗಿನ ಲೀಗ್‌ನಲ್ಲಿ ಆಡಿದನೇ ಹೊರತು ಎನ್‌ಬಿಎಯ ಒಂದು ಪಂದ್ಯಕ್ಕೂ ಇಳಿಯಲಿಲ್ಲ. ಕೊನೆಗೆ ಅಲ್ಲಿಯ ಕುಸ್ತಿ ಷೋ ಸೇರಿದ. ನಿನಗೆ ಆ ಬಾಗಿಲು ಇಲ್ಲ ಪುಟ್ಟು. ಇದರಲ್ಲಿ ಅವಮಾನವೂ ಇಲ್ಲ.

ಈಗ ನಮ್ಮ ದೇಶದ ಲೆಕ್ಕ. ಇಲ್ಲಿ ಲೀಗ್‌ಗಳು ಬಂದಿವೆ, ಹೋಗಿವೆ. ಯುಬಿಎ ಅನ್ನುವ ಲೀಗ್ 2015ರಲ್ಲಿ ಶುರುವಾಗಿ 2017ಕ್ಕೆ ನಿಂತಿತು. 2018ರಲ್ಲಿ ತ್ರೀ-ಆನ್-ತ್ರೀಯ, ಅಂದರೆ ಮೂರು ಮೂರು ಜನ ಆಡುವ ಆಟದ ಲೀಗ್ ಬಂತು, 2022ರಲ್ಲಿ ದೇಶದ ಬಾಸ್ಕೆಟ್‌ಬಾಲ್ ಫೆಡರೇಷನ್ನಿನವರದೇ ಐಎನ್‌ಬಿಎಲ್ ಲೀಗ್. ಅವುಗಳಲ್ಲಿ ಆಡು, ಖಂಡಿತ ಆಡು, ಆದರೆ ಅದನ್ನೇ ನಂಬಿ ಮನೆ ಬಾಡಿಗೆ ಕಟ್ಟುವ ಹಾಗಿಲ್ಲ. ಬಾಸ್ಕೆಟ್‌ಬಾಲ್‌ನಿಂದ ಅನ್ನ ತಿನ್ನುವವರು ನಮ್ಮಲ್ಲಿ ಹೆಚ್ಚಿನವರು ರೈಲ್ವೆ, ಸರ್ವಿಸಸ್ ಅಂದರೆ ಸೇನೆ, ಓಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಪೊಲೀಸ್, ಇನ್‌ಕಮ್ ಟ್ಯಾಕ್ಸ್ ಇಂಥ ಕಡೆ ಸ್ಪೋರ್ಟ್ಸ್ ಕೋಟಾದಲ್ಲಿ ಇರುವವರು. ಭಾರತದ ನಾಯಕನಾಗಿದ್ದ ವಿಶೇಷ್ ಭೃಗುವಂಶಿಯೂ ಓಎನ್‌ಜಿಸಿ ನೌಕರನೇ. ನಮ್ಮ ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕ್ ತಂಡ ಅಂದರೆ ಒಂದು ಕಾಲಕ್ಕೆ ಗತ್ತೇ ಬೇರೆ. 2019ರಲ್ಲಿ ಬ್ಯಾಂಕೇ ಬರೋಡಾದಲ್ಲಿ ಸೇರಿಹೋಯಿತು, ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ. ನಾನೂ ಹೀಗೇ ರೈಲ್ವೆ ಸೇರಿ, ಆಡುವಷ್ಟು ಕಾಲ ಆಡಿ, ಆಮೇಲೆ ಫೈಲು ಹಿಡಿದು, ಪಿಂಚಣಿಗೆ ಬಂದವಳು. ನಿನ್ನ ಗೆಳೆಯರಿಗೆ ಇದು ಸಪ್ಪೆ ಅನಿಸೀತು. ಆಟಕ್ಕಾಗಿಯೇ ಕೆಲಸ ಕೊಟ್ಟು, ಆಟ ನಿಂತ ಮೇಲೂ ಸಂಬಳ ಕೊಡುವ ಕಡೆಗೆ ಪ್ರೊಫೆಷನಲ್ ಅಲ್ಲ ಅನ್ನುವ ಧೈರ್ಯ ನನಗಂತೂ ಇಲ್ಲ.

ಹಾಗಾದರೆ ಅಲ್ಲಿಗೆ ನಿನಗೆ ಜಾಗ ಸಿಗುತ್ತದಾ? ಇಂದಿನ ಆಟಕ್ಕೆ ಸಿಗುವುದಿಲ್ಲ. ಕಾರಣ ನಿನ್ನ ಎತ್ತರ.

ಆರಡಿ ಎರಡು ಇಂಚು ಅಂದರೆ ನಮ್ಮ ಕಡೆ ತೆಂಗಿನ ಮರ. ಅದಕ್ಕೇ ಹೈಸ್ಕೂಲಿನಿಂದಲೂ ನಿನ್ನನ್ನು ಸೆಂಟರ್ ಅಂತ ರಿಂಗ್ ಕೆಳಗೆ ನಿಲ್ಲಿಸಿದರು. ಚೆಂಡು ಬರುತ್ತದೆ, ಬೆನ್ನು ಕೊಟ್ಟು ಹಿಡಿಯುತ್ತೀ, ಒಂದು ಕಾಲೂರಿ ಪಿವಟ್ ತಿರುಗುತ್ತೀ, ಎದುರಿಗಿರುವ ಐದೂವರೆ ಅಡಿಯವನ ತಲೆ ಮೇಲಿಂದ ಹಾಕುತ್ತೀ. ಅಂತರ ಕಾಲೇಜು ಪಂದ್ಯದಲ್ಲಿ ಸೀಟಿ ಹೊಡೆಯುತ್ತಾರೆ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಆ ಗೌಡಿಕೆ ಕಣೋ ಇದು. ವಿಶ್ವವಿದ್ಯಾಲಯಗಳ ಸೌತ್ ಜೋನ್ ಪಂದ್ಯಗಳಿಗೆ ಹೋಗಿ ನೋಡು, ಚೆನ್ನೈ ಕಡೆಯ ತಂಡಗಳಲ್ಲಿ ನಿನ್ನ ಜಾಗದಲ್ಲಿ ಆರೂವರೆ ಅಡಿಯವರು ನಿಂತಿರುತ್ತಾರೆ. ರೈಲ್ವೆ, ಸರ್ವಿಸಸ್ ಟ್ರಯಲ್ಸ್‌ನಲ್ಲಂತೂ ಆರಡಿ ಎರಡು ಇಂಚಿನವನನ್ನು ಯಾರೂ ರಿಂಗ್ ಕೆಳಗೆ ನಿಲ್ಲಿಸಿ ನೋಡುವುದಿಲ್ಲ, ಕೈಗೆ ಚೆಂಡು ಕೊಟ್ಟು ತಗೊಂಡು ಹೋಗು ಅನ್ನುತ್ತಾರೆ. ಭೃಗುವಂಶಿ ನಿನಗಿಂತ ಎತ್ತರ, ಆಡುವುದು ಗಾರ್ಡ್, ಅಂದರೆ ರಿಂಗ್‌ನಿಂದ ದೂರ ಚೆಂಡು ಆಡಿಸುವವನ ಜಾಗ. ನಮ್ಮ ಗೀತು ಅನ್ನಾ ಜೋಸ್ ಹೆಚ್ಚು ಕಡಿಮೆ ನಿನ್ನಷ್ಟೇ ಉದ್ದ. ಹೆಂಗಸರ ಆಟದಲ್ಲಿ ಆ ಎತ್ತರಕ್ಕೆ ಅವಳು ಸೆಂಟರ್, ಸದರ್ನ್ ರೈಲ್ವೆಯಿಂದ ಆಸ್ಟ್ರೇಲಿಯಾದ ಲೀಗ್‌ಗೆ ಹೋದಳು, 2011ರಲ್ಲಿ ಅಮೆರಿಕದ ಹೆಂಗಸರ ಲೀಗ್ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್‌ವರೆಗೂ ಮುಟ್ಟಿದಳು. ಅದೇ ಎತ್ತರ ಗಂಡಸರ ಆಟದಲ್ಲಿ ಚೆಂಡು ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್‌ನದು.

ಆದ್ದರಿಂದ ನಾನು ಹೇಳುವುದು ಒಂದೇ, ಸೆಂಟರ್ ಆಡುವುದು ನಿಲ್ಲಿಸು. ಕಾಲೇಜು ತಂಡ ಸೋತರೂ ಸೋಲಲಿ. ಪಿ.ಇ. ಸರ್‌ಗೆ ಸಿಟ್ಟು ಬಂದೀತು. ಪ್ರ್ಯಾಕ್ಟೀಸ್‌ನಲ್ಲಾದರೂ ಗಾರ್ಡ್ ಆಡಿಸಿ ಸರ್ ಅಂತ ಕೇಳಿಕೋ.

ವಿಡಿಯೊದಲ್ಲಿ ನಾನು ಕಂಡಿದ್ದು ಹೇಳುತ್ತೇನೆ, ಬೇಜಾರು ಮಾಡಿಕೋಬೇಡ. ನಿನಗೆ ಎಡಗೈ ಇಲ್ಲ. ಎಡಕ್ಕೆ ಹೋಗುವಾಗಲೂ ಬಲಗೈಯಲ್ಲೇ ಡ್ರಿಬಲ್ ಮಾಡುತ್ತೀ, ಕಣ್ಣು ಚೆಂಡಿನ ಮೇಲಿರುತ್ತದೆ. ಒಳ್ಳೆಯ ಡಿಫೆಂಡರ್ ಎರಡೇ ಪೊಸೆಷನ್‌ನಲ್ಲಿ ಇದನ್ನು ಹಿಡಿದು ನಿನ್ನನ್ನು ಎಡಕ್ಕೇ ತಳ್ಳುತ್ತಾನೆ. ಎಂಟು ಸೆಕೆಂಡಿನಲ್ಲಿ ಅರ್ಧ ಕೋರ್ಟ್ ದಾಟಬೇಕು. ಇಬ್ಬರು ಮೈಮೇಲೆ ಬಿದ್ದಾಗ ನಿನ್ನಿಂದ ಅದು ಆಗುತ್ತದಾ? ಗೆಳೆಯರಿಬ್ಬರಿಗೆ ಮಸಾಲೆ ದೋಸೆ ಕೊಡಿಸಿ ಮೈಮೇಲೆ ಬೀಳಿಸಿಕೋ, ಗೊತ್ತಾಗುತ್ತದೆ. ಶೂಟಿಂಗ್ ಕೂಡ ರಿಂಗ್ ಪಕ್ಕದ್ದು ಸಾಲದು, 6.75 ಮೀಟರ್ ದೂರದ ಮೂರು ಪಾಯಿಂಟ್ ಗೆರೆಯ ಹೊರಗಿಂದ ನಿಂತೂ ಹಾಕಬೇಕು, ಓಡಿ ಬಂದು ತಡೆದು ನಿಂತೂ ಹಾಕಬೇಕು. ಡಿಫೆನ್ಸ್‌ನಲ್ಲಿ ಮಂಡಿ ಬಗ್ಗಿಸಿ ಅಡ್ಡಡ್ಡ ಸರಿಯುವ ಅಭ್ಯಾಸ ನಿನಗಿಲ್ಲ, ಉದ್ದ ಇದ್ದವರಿಗೆಲ್ಲ ಇರುವ ಸೋಮಾರಿತನ ಅದು. ಒಂದು ನಿನ್ನ ಹತ್ತಿರ ಇದೆ, ಅದನ್ನು ಕಲಿಸಲಾಗದು: ರೀಬೌಂಡ್, ಅಂದರೆ ರಿಂಗಿಗೆ ತಾಗಿ ಹೊರಬರುವ ಚೆಂಡು, ಎಲ್ಲಿ ಬೀಳುತ್ತದೆ ಅಂತ ಎಲ್ಲರಿಗಿಂತ ಮೊದಲು ನಿನಗೆ ತಿಳಿಯುತ್ತದೆ. ರೀಬೌಂಡ್ ಹಿಡಿದು ತಾನೇ ಓಡಿಸಿಕೊಂಡು ಹೋಗುವ ಗಾರ್ಡ್ ಯಾವ ಕೋಚ್‌ಗೂ ಬೇಕು.

ಮಳೆಗಾಲದ ನೆಪ ಹೇಳಬೇಡ. ಜೂನ್ ಬಂತೆಂದರೆ ಸಿಮೆಂಟ್ ಕೋರ್ಟ್ ಮೇಲೆ ಪಾಚಿ, ನನಗೆ ಗೊತ್ತು. ಊರಿಗೆ ಬಂದಾಗ ಅಡಿಕೆ ಅಂಗಳದ ಶೀಟಿನ ಕೆಳಗೆ ಎಡಗೈ ಡ್ರಿಬ್ಲಿಂಗ್ ಮಾಡಲು ರಿಂಗ್ ಬೇಕಿಲ್ಲ. ನಿಮ್ಮಮ್ಮ ಬೈದರೆ ನನ್ನ ಹೆಸರು ಹೇಳು. ತ್ರೀ-ಆನ್-ತ್ರೀಯನ್ನೂ ಬಿಡಬೇಡ. ಅರ್ಧ ಕೋರ್ಟ್, ಹತ್ತು ನಿಮಿಷ ಅಥವಾ 21 ಪಾಯಿಂಟ್, ಹನ್ನೆರಡು ಸೆಕೆಂಡಿನೊಳಗೆ ಚೆಂಡು ಎಸೆಯಬೇಕಾದ ಷಾಟ್ ಕ್ಲಾಕ್. ಅಲ್ಲಿ ಅಡಗಿ ನಿಲ್ಲುವ ಜಾಗವೇ ಇಲ್ಲ, ಎಲ್ಲರೂ ಎಲ್ಲ ಮಾಡಬೇಕು. ಟೋಕಿಯೊದಿಂದ ಅದು ಒಲಿಂಪಿಕ್ಸ್‌ನಲ್ಲೂ ಇದೆ.

ಏಜೆಂಟ್ ವಿಷಯ. ಅವನ ಕಾಗದದಲ್ಲಿ ‘ಎನ್‌ಬಿಎ ಡ್ರಾಫ್ಟ್‌ಗೆ ಅರ್ಹ’ ಅಂತ ದಪ್ಪ ಅಕ್ಷರದಲ್ಲಿದೆಯಂತೆ. ಹೊರದೇಶದ ಆಟಗಾರ ತನಗೆ 22 ತುಂಬುವ ವರ್ಷ ತಾನಾಗಿಯೇ ಅರ್ಹ. ಆ ಲೆಕ್ಕಕ್ಕೆ ನಿನ್ನ ರೂಮ್‌ಮೇಟೂ ಅರ್ಹ, ಅವನಿಗೆ ಚೆಂಡು ಹಿಡಿಯಲು ಬಾರದಿದ್ದರೂ. ಅಮೆರಿಕದ ಕಾಲೇಜಿಗೆ ಸೇರಿಸುತ್ತೇನೆ ಅಂದರೆ ಇದನ್ನು ಕೇಳು: ಅವರ ಮೊದಲ ದರ್ಜೆಯಲ್ಲಿ ಆಡುವ ಅವಧಿಗೆ ಐದು ವರ್ಷದ ಮಿತಿ, ಎಲ್ಲೇ ಆಗಲಿ ಪೂರ್ಣಾವಧಿ ಕಾಲೇಜು ಸೇರಿದ ದಿನದಿಂದ ಅದು ಓಡಲು ಶುರು. ನೀನು ಶಿವಮೊಗ್ಗದಲ್ಲಿ ಬಿ.ಕಾಂ. ಸೇರಿದ ದಿನವೇ ನಿನ್ನದು ಓಡತೊಡಗಿದೆ. ಇದನ್ನು ಅವನು ಹೇಳಿದ್ದನಾ? ನಿನ್ನ ಆಟ ನಿಜಕ್ಕೂ ಬೇಕಾದವರು ನಿನಗೆ ದುಡ್ಡು ಕೊಡುತ್ತಾರೆ, ನಿಮ್ಮಪ್ಪನ ಹತ್ತಿರ ಕೇಳುವುದಿಲ್ಲ. ಕೊಳೆ ರೋಗ ಬಂದರೆ ಆ ಮುಂಗಡ ತೀರಿಸುವವರು ಅವರೇ, ನೀನಲ್ಲ.

ಸೆಮಿಸ್ಟರ್ ಬಿಡುವ ಮಾತು ಆಟದ ದೃಷ್ಟಿಯಿಂದಲೇ ತಪ್ಪು. ಕಾಲೇಜು ಬಿಟ್ಟರೆ ಕುವೆಂಪು ವಿಶ್ವವಿದ್ಯಾಲಯದ ತಂಡಕ್ಕೆ ನೀನಿಲ್ಲ. ವಿಶ್ವವಿದ್ಯಾಲಯದಿಂದ ಸೌತ್ ಜೋನ್, ಅಲ್ಲಿ ಮೇಲೆ ಬಂದರೆ ಅಖಿಲ ಭಾರತ, ಈ ಸರ್ಟಿಫಿಕೇಟ್‌ಗಳನ್ನೇ ಸ್ಪೋರ್ಟ್ಸ್ ಕೋಟಾದವರು ಮೊದಲು ತಿರುವಿ ನೋಡುವುದು, ಟ್ರಯಲ್ಸ್ ಆಮೇಲೆ. ಡಿಗ್ರಿ ಇದ್ದವನನ್ನು ಮೇಲಿನ ಹುದ್ದೆಗೆ ತೆಗೆದುಕೊಳ್ಳಲು ಅವಕಾಶ ಇರುತ್ತದೆ. ಪಾಸಾದ ಮೇಲೆ ಎಂ.ಕಾಂ. ಸೇರಿದರೆ ಇನ್ನೆರಡು ವರ್ಷ ವಿಶ್ವವಿದ್ಯಾಲಯಕ್ಕೆ ಆಡಬಹುದು. ಗಾರ್ಡ್ ಆಗಲು ನಿನಗೆ ಬೇಕಾದಷ್ಟು ಸಮಯ ಅದು.

ಪರೀಕ್ಷೆ ಮುಗಿದ ಕೂಡಲೇ ಬೆಂಗಳೂರಿಗೆ ಹೋಗು. ನನ್ನ ಜೊತೆ ಆಡಿದವಳೊಬ್ಬಳು ಅಲ್ಲಿ ಕ್ಲಬ್ ಹುಡುಗರಿಗೆ ಹೇಳಿಕೊಡುತ್ತಾಳೆ, ಮಾತಾಡಿದ್ದೇನೆ. ಅವಳು ಮುಲಾಜು ನೋಡುವವಳಲ್ಲ. ಗಾರ್ಡ್ ಅಂತಲೇ ಹೇಳಿಕೊಂಡು ಹೋಗು, ರಜೆ ಪೂರ್ತಿ ಆಡು. ಆಗುವುದಿಲ್ಲ ಅಂತ ಅವಳು ಅಂದರೆ ನೀನು ಕೇಳಬೇಕು, ಆಗುತ್ತದೆ ಅಂದರೆ ನಾನು ಕೇಳುತ್ತೇನೆ. ಬಸ್ ಚಾರ್ಜು, ಊಟದ ಖರ್ಚು ನನ್ನದು.

ಈ ಭಾನುವಾರ ಇಲ್ಲಿಗೆ ಬಾ. ಸರ್ಟಿಫಿಕೇಟ್‌ಗಳ ಜೆರಾಕ್ಸ್ ತಾ, ಆ ಏಜೆಂಟ್ ಕೊಟ್ಟ ಕಾಗದವನ್ನೂ ತಾ. ಅಷ್ಟರೊಳಗೆ ಎಲ್ಲೂ ಸಹಿ ಹಾಕಬೇಡ. ನಿಮ್ಮಪ್ಪನಿಗೆ ಮುಂಗಡ ತಡೆಯಲು ನಾನು ಆಗಲೇ ಹೇಳಿದ್ದೇನೆ, ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವುದಿದ್ದರೆ ಮಾಡಿಕೋ.

ಇತಿ ನಿನ್ನ,
ದೊಡ್ಡಮ್ಮ

ಮ.ಸೂ.: ಮಂಡಿ ಚಿಪ್ಪಿನ ಕೆಳಗೆ ನೋವು ಅಂದಿದ್ದೆಯಲ್ಲ, ಸಿಮೆಂಟ್ ಮೇಲೆ ಹಾರಿ ಹಾರಿ ಆಗುವ ನೋವು ಅದು. ಮುಲಾಮು ಹಚ್ಚಿ ಆಡಬೇಡ, ಎಲುಬಿನ ಡಾಕ್ಟರಿಗೆ ತೋರಿಸು. ಆ ಸವೆದ ಶೂ ಬಿಸಾಡು. ನಂಬರ್ ಎಷ್ಟು ಅಂತ ಮೆಸೇಜ್ ಮಾಡು.