ಹತ್ತನೆಯವಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲೇ ನಮಗೆ ತಿಳಿಸಿ: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ಹುಬ್ಬಳ್ಳಿಯಿಂದ ನಮಸ್ಕಾರ.

ನೀವು ಕಲಘಟಗಿಯಿಂದ ಆರಿಸಿ ಬಂದವರು. ಧಾರವಾಡ ಜಿಲ್ಲೆಯ ಉಸ್ತುವಾರಿಯೂ ನಿಮ್ಮದೇ. ಹಾಗಾಗಿ ರೊಟ್ಟಿ ಕೇಂದ್ರ ಅಂದರೆ ಏನು ಅಂತ ನಿಮಗೆ ವಿವರಿಸಬೇಕಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹೋಳಿಗೆ ಮಾಡಿ ಮಾರುವ ಸಣ್ಣ ಘಟಕ ನನ್ನದು. ಒಂಬತ್ತು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಬರುತ್ತಿರುವ ಆರ್ಡರ್ ನೋಡಿದರೆ ಇನ್ನೂ ಮೂವರು ಬೇಕು. ಆದರೆ ಹತ್ತನೆಯವಳು ಬಂದರೆ ಪಗಾರದ ಲೆಕ್ಕದಲ್ಲಿ ಏನೇನು ಬದಲಾಗುತ್ತದೆ ಅಂತ ಕನ್ನಡದಲ್ಲಿ, ಒಂದೇ ಕಡೆ ಬರೆದು ಕೊಡುವವರು ನನಗೆ ಸಿಕ್ಕಿಲ್ಲ.

ಕಾನೂನು ಬೇಡ ಅಂತ ನಾನು ಬರೆಯುತ್ತಿಲ್ಲ. ಹತ್ತು ಜನರಾದರೆ ಇಎಸ್‌ಐ ಅಂದರೆ ಕಾರ್ಮಿಕರ ರಾಜ್ಯ ವಿಮೆ ಬರುತ್ತದೆ, ಬರಲೇಬೇಕು. ದಿನವಿಡೀ ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸುವ ಹೆಣ್ಣುಮಗಳಿಗೆ ಕೈ ಸುಟ್ಟುಕೊಂಡರೆ, ಹೆರಿಗೆಯಾದರೆ, ಮಗುವಿಗೆ ಜ್ವರ ಬಂದರೆ ಖಾಸಗಿ ದವಾಖಾನೆಯ ಬಿಲ್ಲು ಕಟ್ಟಲು ಆಗುವುದಿಲ್ಲ. ಇಎಸ್‌ಐ ಇದ್ದರೆ ಮನೆಯವರಿಗೂ ಔಷಧೋಪಚಾರ ಸಿಗುತ್ತದೆ. ಕಾಯಿಲೆ ಬಿದ್ದರೆ ವರ್ಷದಲ್ಲಿ 91 ದಿನದವರೆಗೆ ಪಗಾರದ 70% ಸಿಗುತ್ತದೆ, ಹೆರಿಗೆಗೆ 26 ವಾರ ಪೂರ್ತಿ ಪಗಾರ. ಇದಕ್ಕೆಲ್ಲ ಖರ್ಚು ಎಷ್ಟು? 15,000 ರೂಪಾಯಿ ಪಗಾರ ಇದ್ದರೆ ಆಕೆಯಿಂದ 0.75%, ಅಂದರೆ ಸುಮಾರು 113 ರೂಪಾಯಿ. ನಮ್ಮ ಪಾಲು 3.25%, ಸುಮಾರು 488. ಇಷ್ಟು ಕೊಡಲು ಆಗುವುದಿಲ್ಲ ಅನ್ನುವವನು ವ್ಯಾಪಾರ ಮಾಡುವುದೇ ಬೇಡ.

ಹಾಗಿದ್ದರೂ ಈ ಊರಲ್ಲಿ ಎಷ್ಟೋ ಘಟಕಗಳು ಒಂಬತ್ತಕ್ಕೇ ಯಾಕೆ ನಿಂತಿವೆ? ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ, ತಾರಿಹಾಳದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವವರನ್ನು ಕೇಳಿ ನೋಡಿ. ಹೆದರಿಕೆ ದುಡ್ಡಿನದ್ದಲ್ಲ, ನೋಟಿಸಿನದ್ದು. ಹಳೆಯ ಇಎಸ್‌ಐ ಕಾಯ್ದೆಯಲ್ಲಿ ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ ಹತ್ತು ಜನ ಇದ್ದರೂ ಸಾಕಿತ್ತು, ನೀವು ಒಳಗೆ ಬಂದಿರಿ ಅಂತಲೇ ಲೆಕ್ಕ. ಆಮೇಲೆ ಜನ ಕಡಿಮೆಯಾದರೂ ಹೊರಗೆ ಹೋಗುವ ಹಾಗಿರಲಿಲ್ಲ. ನಮ್ಮಲ್ಲಿ ಮದುವೆ ಹಂಗಾಮಿನಲ್ಲಿ ಇಬ್ಬರು ಮೂವರು ಬಂದು ರೊಟ್ಟಿಗೆ ಇಷ್ಟು ಅಂತ ಮಾತಾಡಿಕೊಂಡು, ಹೋಳಿಗೆ ಆರ್ಡರ್ ಮುಗಿದ ಮೇಲೆ ಮನೆಗೆ ಹೋಗುತ್ತಾರೆ. ಅವರನ್ನೂ ಎಣಿಸಬೇಕಾ? ಒಬ್ಬ ಆಡಿಟರ್ ಹೌದು ಅಂತಾರೆ, ಇನ್ನೊಬ್ಬರು ಸುಮ್ನೆ ಮಸ್ಟರಿನಲ್ಲಿ (ಹಾಜರಿ ಪುಸ್ತಕದಲ್ಲಿ) ಹೆಸರು ಬರೀಬೇಡಿ ಅಂತಾರೆ. ಈ ಎರಡನೇ ಸಲಹೆಯೇ ಜಾಸ್ತಿ ಓಡುವುದು. ಹೆಸರು ಬರೆಯದಿದ್ದರೆ ನಷ್ಟ ಯಾರಿಗೆ? ಆ ಹೆಣ್ಣುಮಗಳಿಗೆ. ಅವಳ ಕೆಲಸಕ್ಕೆ ಒಂದು ಕಾಗದದ ಸಾಕ್ಷಿಯೂ ಉಳಿಯುವುದಿಲ್ಲ.

ಇಪ್ಪತ್ತು ಜನರಾದರೆ ಪಿಎಫ್, ಅಂದರೆ ಭವಿಷ್ಯ ನಿಧಿ. ಅಲ್ಲಿ ಮೊತ್ತ ದೊಡ್ಡದು. 15,000ಕ್ಕೆ ಆಕೆಯಿಂದ 1,800, ನಮ್ಮಿಂದ 1,800. ಇಪ್ಪತ್ತು ಜನರಿಗೆ ನಮ್ಮ ಪಾಲೇ ತಿಂಗಳಿಗೆ 36,000, ಆಡಳಿತ ಶುಲ್ಕ ಬೇರೆ. ಬೋನಸ್ ನಿಯಮವೂ ಅದೇ ಇಪ್ಪತ್ತಕ್ಕೆ ಬರುತ್ತದೆ. ಕೆಲಸದವರು ಬಂದು "ಅಕ್ಕಾ, ನಂಗ ಪಿಎಫ್ ಬ್ಯಾಡ್ರಿ, ಪೂರಾ ಪಗಾರ ಕೈಯಾಗ ಕೊಡ್ರಿ" ಅಂತಾರೆ ಅಂತ ಆ ಹಂತ ದಾಟಿದ ಗೆಳತಿಯೊಬ್ಬಳು ಹೇಳುತ್ತಾಳೆ. ಅವರ ಮಾತು ಕೇಳಿ ಬಿಟ್ಟರೆ ಮುಂದೆ ಹಿಂದಿನ ತಿಂಗಳುಗಳ ಅವರ ಪಾಲನ್ನು ಪಗಾರದಲ್ಲಿ ಹಿಡಿಯಲು ಬರುವುದಿಲ್ಲ, ಎರಡೂ ಪಾಲು ಮಾಲೀಕರ ತಲೆಗೇ ಬರುತ್ತದೆ, ಮೇಲೆ ವರ್ಷಕ್ಕೆ 12% ಬಡ್ಡಿ, ದಂಡ ಬೇರೆ. ಇದು ಎಷ್ಟು ಸಣ್ಣ ಮಾಲೀಕರಿಗೆ ಗೊತ್ತಿದೆ? ಪ್ರತಿ ತಿಂಗಳ 15ರೊಳಗೆ ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಎರಡೂ ಕಟ್ಟಬೇಕು ಅನ್ನುವ ಸರಳ ಮಾತನ್ನೂ ನಾವು ಒಬ್ಬರ ಬಾಯಿಂದ ಒಬ್ಬರು ಕೇಳಿಯೇ ತಿಳಿಯಬೇಕು.

ಈಗ 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು. ಕೆಲಸ ಬಿಟ್ಟವರ ಬಾಕಿ ಪಗಾರ ಎರಡು ಕೆಲಸದ ದಿನದೊಳಗೆ ಚುಕ್ತಾ ಆಗಬೇಕು. ಭತ್ಯೆಗಳು ಒಟ್ಟು ಪಗಾರದ ಅರ್ಧ ದಾಟಿದರೆ ದಾಟಿದ ಭಾಗವೂ ವೇತನದ ಲೆಕ್ಕಕ್ಕೇ ಬರುತ್ತದೆ. ಒಳ್ಳೆಯದೇ. ಆದರೆ ರೊಟ್ಟಿ ಲೆಕ್ಕದಲ್ಲಿ ಕೂಲಿ ಪಡೆಯುವವಳ ನೇಮಕಾತಿ ಪತ್ರ ಹೇಗಿರಬೇಕು? ದಿನಕ್ಕೆ ಎಷ್ಟು ರೊಟ್ಟಿ ಮಾಡಿದರೆ ಅವಳಿಗೆ ಕನಿಷ್ಠ ವೇತನ ಸಿಕ್ಕಿತು ಅಂತ ಲೆಕ್ಕ? ಕೈ ಬೇಗ ಓಡುವವಳಿಗೂ ಈಗಷ್ಟೇ ಕಲಿಯುತ್ತಿರುವವಳಿಗೂ ಒಂದೇ ದರ ಇಟ್ಟರೆ ಒಬ್ಬಳಿಗೆ ಅನ್ಯಾಯ ಆಗುತ್ತದೆ ಅಲ್ವಾ? ಇಂಥ ಪ್ರಶ್ನೆಗೆ ಪೋರ್ಟಲಿನಲ್ಲಿ ಉತ್ತರ ಸಿಗುವುದಿಲ್ಲ. ಎದುರು ಕೂತು ಮಾತಾಡುವ ಒಬ್ಬ ಅಧಿಕಾರಿ ಬೇಕು.

ಪಿಎಫ್, ಇಎಸ್‌ಐ ಕೇಂದ್ರದವು ಅಂತ ಗೊತ್ತು. ಆದರೆ ಕನಿಷ್ಠ ವೇತನ ನಿಮ್ಮ ಇಲಾಖೆಯದ್ದು. ಇಎಸ್‌ಐ ದವಾಖಾನೆಗಳನ್ನು ನಡೆಸುವುದೂ ನಿಮ್ಮ ಸರ್ಕಾರವೇ. ಪಿಎಫ್‌ನವರು 2023ರಿಂದ ಪ್ರತಿ ತಿಂಗಳು 27ಕ್ಕೆ ಜಿಲ್ಲೆ ಜಿಲ್ಲೆಯಲ್ಲಿ 'ನಿಧಿ ಆಪ್ಕೆ ನಿಕಟ್' (ನಿಧಿ ನಿಮ್ಮ ಹತ್ತಿರ) ಅಂತ ಶಿಬಿರ ಮಾಡುತ್ತಾರೆ. ಅದೇ ಶಿಬಿರದಲ್ಲಿ ನಿಮ್ಮ ಕಾರ್ಮಿಕ ನಿರೀಕ್ಷಕರಿಗೂ ಒಂದು ಕುರ್ಚಿ ಹಾಕಿಸಿ. ಕೇಳಿದ ಪ್ರಶ್ನೆಗೆ ಸಹಿ ಹಾಕಿದ ಉತ್ತರ ಕೊಡಲಿ, ನಾಳೆ ಬೇರೆ ಅಧಿಕಾರಿ ಬಂದರೂ ತೋರಿಸಲು ನಮ್ಮ ಕೈಯಲ್ಲಿ ಒಂದು ಕಾಗದ ಇರಲಿ. ಏಪ್ರಿಲ್ 1ಕ್ಕೆ ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆ ಬದಲಾದಾಗ ಯಾವ ಕೆಲಸಕ್ಕೆ ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು ಅಂತ ಕೂಡಿಸಿದ ಒಂದು ಪುಟ ಕನ್ನಡದಲ್ಲಿ ಹಂಚಿಸಿ. ಆ ಕೂಡಿಸುವ ಕೆಲಸಕ್ಕೇ ನಾವು ಆಡಿಟರ್ ಫೀ ಕೊಡುತ್ತಿದ್ದೇವೆ.

ಇನ್ನೊಂದು ಮಾತು. 2025ರ ಜುಲೈ 1ರಂದು ಇಎಸ್‌ಐನವರು ಸ್ಪ್ರೀ ಅಂತ ಯೋಜನೆ ತಂದರು. ತಾವಾಗಿಯೇ ಬಂದು ನೋಂದಣಿ ಮಾಡಿಸಿದ ಮಾಲೀಕರಿಂದ ಹಿಂದಿನ ಬಾಕಿ ಕೇಳುವುದಿಲ್ಲ ಅನ್ನುವುದು ಅದರ ತಿರುಳಾಗಿತ್ತು. ಅದು ಕೆಲವು ತಿಂಗಳಿಗಷ್ಟೇ ಇತ್ತು. ಹೆದರಿ ಕೂತವರನ್ನು ಹೊರಗೆ ತರಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ನಮ್ಮ ಓಣಿಯ ಹಲವರಿಗೆ ಅದರ ಹೆಸರೇ ಗೊತ್ತಿಲ್ಲ. ಇಂಥದ್ದು ಸದಾ ಇರಲಿ ಅಂತ ದಿಲ್ಲಿಗೆ ನೀವು ಬರೆಯಿರಿ. ನಿಮ್ಮ ಇಲಾಖೆಯಲ್ಲೂ ಮೊದಲ ಸಲ ಹತ್ತು ದಾಟುವ ಘಟಕಕ್ಕೆ ನೋಟಿಸಿಗಿಂತ ಮೊದಲು ಒಬ್ಬರನ್ನು ತಿಳಿಸಿ ಹೇಳಲು ಕಳಿಸಿ, ಸರಿಪಡಿಸಿಕೊಳ್ಳಲು ಮೂರು ತಿಂಗಳು ಕೊಡಿ. ಅದಾದ ಮೇಲೂ ತಪ್ಪಿಸಿದರೆ ದಂಡ ಹಾಕಿ, ನಾವು ತಕರಾರು ಮಾಡುವುದಿಲ್ಲ.

ಮುಂದಿನ 27ರ ಶಿಬಿರಕ್ಕೆ ನಾವು ರೊಟ್ಟಿ ಕೇಂದ್ರದವರು ಸೇರಿ ಬರುತ್ತೇವೆ. ಪ್ರಶ್ನೆಗಳನ್ನು ಬರೆದುಕೊಂಡೇ ಬರುತ್ತೇವೆ. ನಿಮ್ಮ ಇಲಾಖೆಯಿಂದ ಒಬ್ಬರನ್ನು ಕಳಿಸಿಕೊಡಿ.

ಇಂತಿ,
ಹುಬ್ಬಳ್ಳಿಯ ಒಬ್ಬ ರೊಟ್ಟಿ ಕೇಂದ್ರದ ಮಾಲೀಕಳು